ಬೆಟ್ಟ ಮೊದಲು, ಕಣಿವೆ ಆಮೇಲೆ

ಆ ಸೀಮೆಯ ಮೋಡಗಳೆಲ್ಲ ಜೇನತ್ತೆಯ ಅಪ್ಪಣೆ ಪಡೆದೇ ಮಳೆ ಸುರಿಸುತ್ತಿದ್ದವು. ಸರಿ, ಇದರಲ್ಲಿ ಅರ್ಧ ಸುಳ್ಳು. ಕೆಲವು ಪುಂಡ ಮೋಡಗಳು ಹೇಳದೆ ಕೇಳದೆ ಸುರಿಸಿ ಓಡಿಹೋಗುತ್ತಿದ್ದವು. ಆದರೆ ಅವಳ ಅಳಿಯನ ಮಾತು ಕೇಳಿ ಸುರಿದ ಮೋಡ ಒಂದೇ ಒಂದಿಲ್ಲ. ಇದು ಪೂರ್ತಿ ನಿಜ.

ಅಳಿಯನ ಕೆಲಸ ರೇಡಿಯೋದಲ್ಲಿ ಹವಾಮಾನ ಓದುವುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಗಂಟಲಿಗೆ ಬೆಣ್ಣೆ ಸವರಿಕೊಂಡವನಂತೆ ಓದುತ್ತಿದ್ದ: "ಬೆಟ್ಟಗಳಲ್ಲಿ ಮಳೆಯ ಸಾಧ್ಯತೆ ಇದೆ. ಕಣಿವೆಗಳಲ್ಲಿ ಬಿಸಿಲಿನ ಸಾಧ್ಯತೆ ಇದೆ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆ ಅವನಿಗೆ ಸಾಧ್ಯತೆರಾಯ ಎಂದೇ ಹೆಸರಿಟ್ಟಿದ್ದಳು. ಮನೆಯಲ್ಲೂ ಅವನದು ಅದೇ ಅಡ್ಡಗೋಡೆಯ ದೀಪ. ಹಸಿವಾಗಿದೆಯಾ ಎಂದರೆ "ಸಂಜೆ ಹೊತ್ತಿಗೆ ಆಗಬಹುದು" ಅನ್ನುವನು.

"ನಿನಗೆ ಸಿಕ್ಕಿರೋದು ಗಂಡ ಅಲ್ಲ ಕಣೇ, ಗಂಡನ ಸಾಧ್ಯತೆ," ಎನ್ನುತ್ತಿದ್ದಳು ಮಗಳಿಗೆ.

"ಅಮ್ಮಾ, ಮೆಲ್ಲಗೆ. ಅವರಿಗೆ ಕೇಳ್ಸತ್ತೆ."

"ಕೇಳ್ಸೋ ಸಾಧ್ಯತೆ ಇದೆ ಅನ್ನು."

ಅತ್ತೆಯ ರೇಡಿಯೋ ಅವಳಿಗಿಂತ ಮುದಿಯದು. ಗುಂಡಿ ತಿರುಗಿಸಿದರೆ ಕೆಮ್ಮಿ, ಕ್ಯಾಕರಿಸಿ, ಬಿಸಿಯಾಗಿ ಬಾಯಿ ಬಿಡುವಷ್ಟರಲ್ಲಿ 'ಬೆಟ್ಟಗಳಲ್ಲಿ' ಎಂಬ ಮೊದಲ ಮಾತು ಹಾರಿಹೋಗಿರುತ್ತಿತ್ತು. ಹೋದರೆ ಹೋಗಲಿ. ಬೆಟ್ಟ ಮೊದಲು, ಕಣಿವೆ ಆಮೇಲೆ. ಅವಳ ಅಮ್ಮನ ಕಾಲದಿಂದಲೂ ಅದೇ ಕ್ರಮ. ಮೊದಲ ವಾಕ್ಯ ಮುಗಿದದ್ದೇ ಟಕ್ಕೆಂದು ಆರಿಸಿಬಿಡುತ್ತಿದ್ದಳು. ಆ ದನಿಯಲ್ಲಿ ಎರಡನೇ ವಾಕ್ಯ ಕೇಳುವಷ್ಟು ಪಾಪ ತಾನು ಮಾಡಿಲ್ಲ ಎಂಬುದು ಅವಳ ಲೆಕ್ಕ.

ವಸಂತ ಮುಗಿಯುತ್ತ ಬಂದಿತ್ತು. ಕಣಿವೆಯ ಹೂವೆಲ್ಲ ಉದುರಿ, ಬೆಟ್ಟದ ಹೂವು ಕಣ್ಣು ಬಿಡುತ್ತಿತ್ತು. ಜೇನುಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸುವ ಹೊತ್ತು. ಭಾರ ಇಳಿಯಲೆಂದು ಅತ್ತೆ ಒಳಗಿನ ಜೇನನ್ನೆಲ್ಲ ತೆಗೆದಿದ್ದಳು. ಇನ್ನು ಬೆಟ್ಟಕ್ಕೆ ಹೋದಾಗ ಚಳಿ ಕವಿದು ಹೂವು ಮುದುಡಿತೋ, ಹುಳುಗಳು ಹಸಿದು ಸತ್ತವೆಂದೇ ಅರ್ಥ. ಗಂಡ ಸತ್ತ ಮೇಲೆ ಮನೆ ನಡೆಸಿದ್ದು ಆ ಹುಳುಗಳು, ಸಾಧ್ಯತೆರಾಯನ ಸಂಬಳವಲ್ಲ.

ಹೊರಡುವ ಹಿಂದಿನ ಸಂಜೆ ಊಟಕ್ಕೆ ಕೂತಾಗ ಅಳಿಯ ಗಂಟಲು ಸರಿಮಾಡಿಕೊಂಡ. "ಅತ್ತೆ, ನಾಳೆಯಿಂದ ರೇಡಿಯೋದಲ್ಲಿ ಒಂದು ಬದಲಾವಣೆ..."

"ಬದಲಾವಣೆ ಆಗೋ ಸಾಧ್ಯತೆ ಇದೆಯಾ? ತಟ್ಟೆ ನೋಡ್ಕೊಂಡು ತಿನ್ನಪ್ಪಾ."

ಅವನು ತಟ್ಟೆ ನೋಡಿಕೊಂಡು ತಿಂದ.

ಬೆಳಿಗ್ಗೆ ರೇಡಿಯೋ ಕೆಮ್ಮಿ ಬಾಯಿ ಬಿಟ್ಟಿತು: "...ಆಕಾಶ ತಿಳಿಯಾಗಿದ್ದು, ಬೆಚ್ಚಗಿನ ಬಿಸಿಲಿನ ಸಾಧ್ಯತೆ ಇದೆ." ಟಕ್. ಅತ್ತೆ ಪೆಟ್ಟಿಗೆಗಳ ಬಾಯಿಗೆ ಬಲೆ ಬಡಿದು, ಲಾರಿಗೆ ಹೇರಿಸಿ, ಚಾಲಕನ ಪಕ್ಕ ಮಹಾರಾಣಿಯಂತೆ ಕೂತಳು.

ಮಗಳು ಕೆಲಸ ಮುಗಿಸಿ ಬಂದು ನೋಡಿದರೆ ಅಂಗಳ ಖಾಲಿ. ಅಮ್ಮನ ಬಳಿ ಫೋನಿಲ್ಲ. ಅಳಿಯನ ದನಿ ಕಿವಿಯೊಳಗೇ ಬರುತ್ತದೆಂದು ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಲಾರಿಯವನ ಫೋನು ಬೆಟ್ಟದ ತಿರುವಿನಲ್ಲಿ ಸತ್ತಿತ್ತು. ಬೆಟ್ಟದಲ್ಲಿ ಹಿಮದ ಸಾಧ್ಯತೆ ಎಂದು ಕೆಲಸದಲ್ಲೇ ರೇಡಿಯೋ ಕೇಳಿದ್ದ ಮಗಳು ಅಳುತ್ತ ಗಂಡನಿಗೇ ಫೋನು ಮಾಡಿದಳು.

ಮಧ್ಯಾಹ್ನ ಲಾರಿ ಏದುಸಿರು ಬಿಡುತ್ತ ಏರುತ್ತಿರುವಾಗ ಅದರ ರೇಡಿಯೋ ಶುರುವಾಯಿತು. ಅದು ಎಳೆಯದು, ಒಂದಕ್ಷರವನ್ನೂ ನುಂಗಲಿಲ್ಲ. "ಕಣಿವೆಗಳಲ್ಲಿ ಬಿಸಿಲಿನ ಸಾಧ್ಯತೆ ಇದೆ."

ಆರಿಸಲು ಚಾಚಿದ ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. "ಕಣಿವೆ ಮೊದಲಾ? ಯಾವಾಗಿಂದ?"

"ಹೊಸ ಸಾಹೇಬ್ರ ಹುಕುಂ ಅಂತೆ ಅಮ್ಮಾ, ಇವತ್ತಿಂದ. ಕೇಳೋ ಜನ ಕಣಿವೇಲೇ ಜಾಸ್ತಿ ಅಂತ," ಎಂದ ಲಾರಿಯವನು.

ರೇಡಿಯೋದ ದನಿ ತಡವರಿಸಿತು. ಬೆಣ್ಣೆಯೆಲ್ಲ ಕರಗಿಹೋಗಿತ್ತು. "ಬೆಟ್ಟಗಳಲ್ಲಿ... ಬೆಟ್ಟಗಳಲ್ಲಿ ಹಿಮ ಬೀಳತ್ತೆ. ಸಾಧ್ಯತೆ ಗೀಧ್ಯತೆ ಏನಿಲ್ಲ. ಅತ್ತೆ, ಲಾರಿ ತಿರುಗಿಸಿ. ದಮ್ಮಯ್ಯ."

ಲಾರಿಯವನು ಬ್ರೇಕು ಹಾಕಿದ. "ಇದು ನಿಮಗೇ ಹೇಳಿದ್ದಾ?"

"ಏಳು ಬೆಟ್ಟಕ್ಕೆ ಕೇಳೋ ಹಾಗೆ ಅತ್ತೆ ಅಂತ ಅರಚಿದಾನಲ್ಲ, ಇನ್ಯಾರಿಗೆ! ಮಾನ ಕಳೆದ."

ಮೇಲೆ ಆಕಾಶ ನೀಲಿಯಾಗಿತ್ತು. ಬೆನ್ನ ಹಿಂದೆ ಪೆಟ್ಟಿಗೆಗಳು ಗುಂಯ್ಗುಡುತ್ತಿದ್ದವು. ಎತ್ತು ಏರಿಗೆ, ಕೋಣ ನೀರಿಗೆ. ಅತ್ತೆ ಆಕಾಶವನ್ನೊಮ್ಮೆ, ರೇಡಿಯೋವನ್ನೊಮ್ಮೆ ದುರುಗುಟ್ಟಿ ನೋಡಿದಳು.

"ತಿರುಗಿಸಪ್ಪಾ. ಜನ್ಮಕ್ಕೊಂದ್ಸಲ ಗಟ್ಟಿಯಾಗಿ ಮಾತಾಡಿದಾನೆ. ಸುಳ್ಳಾದ್ರೆ ಬಯ್ಯೋಕಾದ್ರೂ ಒಂದು ಗಟ್ಟಿ ಕಾರಣ ಸಿಗತ್ತೆ."

ಲಾರಿ ತಪ್ಪಲು ಮುಟ್ಟುವ ಮೊದಲೇ ಹಿಂದಿನ ಬೆಟ್ಟ ಮಾಯವಾಯಿತು. ಬಿದ್ದ ಹಿಮದಲ್ಲಿ ಆನೆ ನಿಲ್ಲಿಸಿದ್ದರೆ ಸೊಂಡಿಲ ತುದಿ ಮಾತ್ರ ಕಾಣುತ್ತಿತ್ತು. ಆನೆ ಜಾಸ್ತಿಯಾಯಿತೆಂದರೆ ಕುರಿ ಅಂತಿಟ್ಟುಕೊಳ್ಳಿ. ಹುಳುಗಳು ಮಾತ್ರ ಅಂಗಳಕ್ಕೆ ಜೀವಂತ ಬಂದವು.

ಸಂಜೆ ಅಳಿಯ ಒದ್ದೆ ಬೆಕ್ಕಿನಂತೆ ಬಂದು ಕೂತ. ರೇಡಿಯೋದಲ್ಲಿ ನೆಂಟರನ್ನು ಕರೆದದ್ದಕ್ಕೆ ಸಾಹೇಬರು ನೀರಿಳಿಸಿದ್ದರಂತೆ. ಅತ್ತೆ ಬಡಿಸಿದಳು. ಬಡಿಸಿ, ಸೌಟು ಹಿಡಿದು ಅಲ್ಲೇ ನಿಂತಳು. ಮದುವೆಯಾದಂದಿನಿಂದ ಒಮ್ಮೆಯೂ ಕೇಳದ ಮಾತೊಂದನ್ನು ಕೇಳಿದಳು.

"ಏನಪ್ಪಾ, ನಾಳೆ ಬೆಟ್ಟ ಹೇಗಿರತ್ತೆ?"

ಮಗಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಳಿಯ ಕಿಟಕಿ ನೋಡಿದ, ಅತ್ತೆಯನ್ನು ನೋಡಿದ, ಸೌಟನ್ನೂ ನೋಡಿದ. ಬಾಯಿ ತೆರೆದ. ಮೊದಲು ಹೊರಬಿದ್ದ ಮಾತು ಯಾವುದು, ಸೌಟು ಎಲ್ಲಿಗೆ ಹೋಯಿತು, ನೀವೇ ಊಹಿಸಿ ನೋಡೋಣ.