ವಾಪಸಮ್ಮನ ಸಹಿ

ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಥಟ್ಟನೆ ನಿಂತು, ಹಿಂದಿರುಗಿ ಬಂದು ಅದೇ ಬೀಗವನ್ನು ಮತ್ತೊಮ್ಮೆ ಜಗ್ಗಿ ನೋಡದೆ ಆಕೆ ಜೀವಮಾನದಲ್ಲಿ ಯಾವ ಕೋಣೆಯನ್ನೂ ಬಿಟ್ಟು ಹೋದವರಲ್ಲ. ನಮ್ಮ ಜನನ-ಮರಣ ನೋಂದಣಿ ಕಚೇರಿಯ ಕಂಪ್ಯೂಟರ್ ವಿಭಾಗವನ್ನು ಹತ್ತೊಂಬತ್ತು ವರ್ಷ ಕಾದ ಆ ಮಹಾತಾಯಿಗೆ ನಾವಿಟ್ಟ ಹೆಸರು ವಾಪಸಮ್ಮ. ಆ ನಡಿಗೆಯೊಂದೇ ಇದಕ್ಕೆ ಕಾರಣವಲ್ಲ. "ಬ್ಯಾಕಪ್ ಆಗಿದೆ ಮೇಡಂ" ಎಂದು ಯಾರಾದರೂ ಅಂದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಆಗಿದೆ ಸರಿ, ವಾಪಸ್ ಬಂತಾ?" ಎಂದು ಕೇಳುತ್ತಿದ್ದರು. ನಕಲು ಮಾಡಿ ಎತ್ತಿಟ್ಟದ್ದು ಅವರ ಲೆಕ್ಕದಲ್ಲಿ ಬ್ಯಾಕಪ್ಪೇ ಅಲ್ಲ. ಎತ್ತಿಟ್ಟಲ್ಲಿಂದ ಅದು ಇಡಿಯಾಗಿ ಮರಳಿ ಬಂದರೆ ಮಾತ್ರ ಆ ಹೆಸರಿಗೆ ಅರ್ಹ.

ಬೇಸಗೆಯಿರಲಿ, ಚಳಿಗಾಲವಿರಲಿ, ಮೈಮೇಲೊಂದು ಗಂಡಸರ ಬೂದುಬಣ್ಣದ ಸ್ವೆಟರ್. ಸರ್ವರ್ ಕೋಣೆಯ ಶೀತಕ್ಕೆಂದು ತೊಟ್ಟದ್ದು ಕ್ರಮೇಣ ಎಲ್ಲ ಋತುಗಳಿಗೂ ನಿಂತುಬಿಟ್ಟಿತ್ತು. ಅದು ಅವರ ತಂದೆಯದು. ಬೀಗ ರಿಪೇರಿ ಮಾಡುತ್ತಿದ್ದ ಆತ, ಹೊಸ ಕೀಲಿಕೈ ಕೊಟ್ಟ ಮೇಲೆ ಗಿರಾಕಿಯೇ ಕೈಯಾರೆ ಮೂರು ಸಲ ಬೀಗ ತೆಗೆದು ತೋರಿಸುವ ತನಕ ಅಂಗಡಿಯ ಮೆಟ್ಟಿಲಿಳಿಯಲು ಬಿಡುತ್ತಿರಲಿಲ್ಲವಂತೆ. "ಕೀಲಿಕೈ ಹೊಳೆದ್ರೆ ಏನ್ ಬಂತು, ತಿರುಗ್ಬೇಕಲ್ಲ" ಎಂಬ ಆತನ ಮಾತು ಮಗಳ ಬಾಯಲ್ಲಿ ದಿನಕ್ಕೆರಡು ಸಲವಾದರೂ ಬರುತ್ತಿತ್ತು.

ದಾಖಲೆ ಕೊಡುವ ಕೌಂಟರಿನ ಗುಮಾಸ್ತನಾದ ನಾನು ಒಮ್ಮೆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಅಂಟಿಸಿದ್ದೆ. ಮರುದಿನ ಚೀಟಿ ಲಕೋಟೆಯೊಳಗೆ ಕೂತಿತ್ತು, ಎದುರಿಗೆ ವಾಪಸಮ್ಮ.

"ಏನಪ್ಪಾ, ಮನೆಗೆ ಬೀಗ ಜಡಿದು ಕೀಲಿಕೈನ ಅದೇ ಬಾಗಿಲಿಗೆ ನೇತುಹಾಕಿ ಬರ್ತೀಯಾ?"

"ಇಲ್ಲಿರೋರೆಲ್ಲ ನಮ್ಮವರೇ ಅಲ್ವಾ ಅಕ್ಕಾ?"

"ಒಬ್ಬರಿಗೆ ಗೊತ್ತಿದ್ರೆ ಗುಟ್ಟು, ಇಬ್ಬರಿಗೆ ಗೊತ್ತಿದ್ರೆ ಸುದ್ದಿ."

ಕಚೇರಿಯೆಲ್ಲ ಘೊಳ್ಳೆಂದು ನಕ್ಕಿತು. ನನಗೆ ಮೈಯುರಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ವರ್ಷಕ್ಕೊಮ್ಮೆ ಮೇಲಿನ ಕಚೇರಿಗೆ ಒಂದು ಪ್ರಮಾಣಪತ್ರ ಹೋಗಬೇಕಿತ್ತು: ಸಮಸ್ತ ದಾಖಲೆಗಳ ಬ್ಯಾಕಪ್ ಆಗಿದೆ, ಅದನ್ನು ಮರಳಿ ತೆಗೆದು ಪರೀಕ್ಷಿಸಲಾಗಿದೆ ಎಂದು. ಆ ವರ್ಷ, ಎಂಟು ತಿಂಗಳ ಹಿಂದಷ್ಟೇ, ಹೊರಗಿನ ಗುತ್ತಿಗೆದಾರರು ದಾಖಲೆಗಳನ್ನೆಲ್ಲ ಹೊಸ ಯಂತ್ರಕ್ಕೆ ಸಾಗಿಸಿದ್ದರು. ಅಂದಿನಿಂದ ಪರೀಕ್ಷೆ ಎಂಬುದೇ ನಡೆದಿರಲಿಲ್ಲ. ವಾಪಸಮ್ಮ ಕೇಳಿದ್ದು ಬ್ಯಾಕಪ್ಪನ್ನು ಮರಳಿ ತೆಗೆದು ನೋಡಲು ಒಂದು ಬಿಡಿ ಯಂತ್ರ ಮತ್ತು ಕೌಂಟರು ಮುಚ್ಚಿದ ಅರ್ಧ ದಿನ. ನಿರ್ದೇಶಕರು ಕೊಟ್ಟದ್ದು ಪೆನ್ನು.

"ದಿನಾ ಸ್ಕ್ರೀನಲ್ಲಿ ಹಸಿರು ರೈಟ್ ಮಾರ್ಕ್ ಬರ್ತಿದೆಯಲ್ಲ ಮೇಡಂ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಒಂದು ಸಹಿ ತಾನೇ."

"ಮಾರ್ಕ್ ಹಾಕಿದ್ದು ಮಶೀನು. ಸಹಿ ಹಾಕೋಳು ನಾನು. ನೋಡದೆ ಹಾಕಲ್ಲ ಸಾರ್."

"ನಿಮ್ಮ ಬಡ್ತಿ ಕಾಗದ ನನ್ನ ಮೇಜಿನ ಮೇಲಿದೆ, ನೆನಪಿರಲಿ."

"ಅಲ್ಲೇ ಇರಲಿ ಸಾರ್" ಎಂದು ಕಡ್ಡಿ ಮುರಿದಂತೆ ಹೇಳಿ, ಬಾಗಿಲು ಹಾಕಿಕೊಂಡು ಹೊರಬಂದು, ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಳ್ಳಿ ನೋಡಿದರು.

ಮೂರನೆಯ ದಿನಕ್ಕೆ ರಸ್ತೆಯಾಚೆಯ ಉಗ್ರಾಣಕ್ಕೆ ಅವರ ವರ್ಗವಾಯಿತು. "ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ನಡ್ಕೋಬಾರ್ದಾ ಅಕ್ಕಾ?" ಎಂದು ನಾನು ಬುದ್ಧಿ ಹೇಳಿದೆ. "ಬುಟ್ಟೀಲಿ ಹಾವು ಇದೆಯೋ ಇಲ್ವೋ ಅಂತಾನೇ ಯಾರೂ ನೋಡಿಲ್ಲ, ಇನ್ನು ಕೋಲಿನ ಮಾತ್ಯಾಕಪ್ಪಾ?" ಎಂದರು. ಉಗ್ರಾಣದಲ್ಲಿ ಇದ್ದದ್ದು ಮುರಿದ ಕುರ್ಚಿಗಳು, ಕೆಟ್ಟ ಕಂಪ್ಯೂಟರುಗಳು, ಮತ್ತು ಕಚೇರಿಗೆ ಬೆಂಕಿ ಬಿದ್ದರೂ ಒಂದು ನಕಲು ಉಳಿಯಲೆಂದು ಬ್ಯಾಕಪ್ ಡಿಸ್ಕುಗಳನ್ನಿಡುತ್ತಿದ್ದ ಕಬ್ಬಿಣದ ಬೀರು. ಶಿಕ್ಷೆಯೆಂದು ಇಲಿಯನ್ನು ಕಣಜಕ್ಕೆ ಅಟ್ಟಿದ ಹಾಗಾಯಿತು! ಹನ್ನೊಂದು ದಿನಗಳಲ್ಲಿ ಆಕೆ ಮೂರು ಸತ್ತ ಯಂತ್ರಗಳ ಅಂಗಾಂಗಗಳನ್ನು ಕೂಡಿಸಿ ಒಂದು ಬದುಕಿದ ಯಂತ್ರವನ್ನು ನಿಲ್ಲಿಸಿದರು.

ಹನ್ನೆರಡನೆಯ ದಿನ ನಿರ್ದೇಶಕರಿಗೆ ಕರೆ ಹೋಯಿತು. ಮುಖ ಗಂಟಿಕ್ಕಿಕೊಂಡೇ ಅವರು ಬಂದರು. ಕಡತ ಹಿಡಿದು ಹಿಂದೆ ನಾನು. ಮೂರು ತಿಂಗಳ ಹಿಂದೆ ಅವರಿಗೆ ಮೊಮ್ಮಗಳು ಹುಟ್ಟಿದ್ದಳು, ಫೋನಿನಲ್ಲಿ ಅವಳ ಫೋಟೋ ನೋಡದವರು ಕಚೇರಿಯಲ್ಲಿ ಯಾರೂ ಉಳಿದಿರಲಿಲ್ಲ, ಅವಳ ಜನನವನ್ನು ನೋಂದಾಯಿಸಿದ್ದು ನನ್ನದೇ ಕೈ.

"ಮೊಮ್ಮಗಳ ನೋಂದಣಿ ಸಂಖ್ಯೆ ಹೇಳಿ ಸಾರ್."

ಅಜ್ಜನಲ್ಲವೇ, ಕಂಠಪಾಠವಿತ್ತು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಿಂದಿನ ದಿನದ ಡಿಸ್ಕನ್ನು ಜೋಡಿಸಿ ವಾಪಸಮ್ಮ ಸಂಖ್ಯೆ ಒತ್ತಿದರು. ಪರದೆ ಖಾಲಿ. ಮತ್ತೆ ಒತ್ತಿದರು. ಖಾಲಿ.

"ಈ ಡಿಸ್ಕಿನ ಪ್ರಕಾರ ನಿಮ್ಮ ಮೊಮ್ಮಗಳು ಇನ್ನೂ ಹುಟ್ಟೇ ಇಲ್ಲ ಸಾರ್."

ದಾಖಲೆಗಳು ಹೊಸ ಯಂತ್ರಕ್ಕೆ ಹೋಗಿದ್ದವು. ಬ್ಯಾಕಪ್ಪು ಮಾತ್ರ ಹಳೆಯ ಯಂತ್ರದ ಹಳೆಯ ಕಡತಗಳನ್ನೇ ನಿಷ್ಠೆಯಿಂದ ನಕಲಿಸಿ ದಿನವೂ ಹಸಿರು ಗುರುತು ಹಾಕುತ್ತಿತ್ತು. ಎಂಟು ತಿಂಗಳಲ್ಲಿ ಹುಟ್ಟಿದವರೂ ಸತ್ತವರೂ ಇದ್ದದ್ದು ಒಂದೇ ಒಂದು ಯಂತ್ರದಲ್ಲಿ. ಅದು ಕೆಟ್ಟರೆ ಮುಗಿಯಿತು. ನಿರ್ದೇಶಕರು ಮೂರು ಕಾಲಿನ ಕುರ್ಚಿಯೊಂದರ ಮೇಲೆ ಕೂತು, ಬೀಳುವುದರಲ್ಲಿದ್ದು, ನನ್ನ ತೋಳು ಹಿಡಿದರು. "ಈಗೇನ್ಮಾಡೋದು ಮೇಡಂ?"

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ನಮ್ಮ ಕೋಟೆ ಇನ್ನೂ ಹೋಗಿಲ್ಲ, ಈಗ್ಲೇ ಹಾಕೋಣ. ಅರ್ಧ ದಿನ ಕೊಡಿ."

ಮರುದಿನ ಕೌಂಟರು ಮುಚ್ಚಿತು. ಸಾಲಿನಲ್ಲಿದ್ದವರು ನನ್ನನ್ನು ಹಿಗ್ಗಾಮುಗ್ಗಾ ಬೈಯತೊಡಗಿದಾಗ ಆಕೆ ಅಡ್ಡ ಬಂದು, "ಮುಚ್ಚಿಸಿದ್ದು ನಾನು, ನನ್ನನ್ನ ಬೈರಿ" ಎಂದು ಎದೆಸೆಟೆಸಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಉಗ್ರಾಣದ ಪರದೆಯ ಮೇಲೆ, ಹೊಸ ಯಂತ್ರದಿಂದ ಆಗಷ್ಟೇ ನಕಲಿಸಿ ತಂದ ಡಿಸ್ಕಿನೊಳಗಿಂದ, ಮೊಮ್ಮಗಳು ಹುಟ್ಟಿದಳು. ವಾಪಸಮ್ಮ ಪ್ರಮಾಣಪತ್ರ ತರಿಸಿಕೊಂಡು 'ಆಗಿದೆ' ಎಂಬುದನ್ನು ಹೊಡೆದುಹಾಕಿ, 'ವಾಪಸ್ ಬಂದಿದೆ' ಎಂದು ಬರೆದು, ಅದರಡಿಗೆ ಸಹಿ ಮಾಡಿದರು. ಹಳೆಯ ಕುರ್ಚಿಗೆ ಮರಳಿ ಬನ್ನಿ ಎಂದು ನಿರ್ದೇಶಕರು ಕರೆದರೆ, "ಬೇಡ ಸಾರ್. ಮುಂದಿನ ವರ್ಷವೂ ನೋಡದೆ ಹಾಕಲ್ಲ. ಇಲ್ಲೇ ಇದ್ರೆ ನಿಮಗೆ ಮತ್ತೆ ವರ್ಗ ಮಾಡೋ ಶ್ರಮ ತಪ್ಪುತ್ತೆ" ಎಂದುಬಿಟ್ಟರು. ಬಡ್ತಿಯ ಕಾಗದ ಆ ವರ್ಷ ಮೇಜಿನಿಂದ ಏಳಲಿಲ್ಲ.

ಲೋಕದಲ್ಲಿ 'ಆಗಿದೆ' ಎನ್ನುವವರ ಸಂಖ್ಯೆ ದೊಡ್ಡದು. ಅವರಿಂದಲೇ ಕಚೇರಿಗಳು ಸಲೀಸಾಗಿ ಸಾಗುತ್ತವೆ, ನಾನೂ ಆ ಪಂಗಡದವನೇ. 'ತೆಗೆದು ತೋರಿಸು' ಎನ್ನುವವರು ಊರಿಗೊಬ್ಬರೋ ಇಬ್ಬರೋ. ಅವರ ಜೊತೆ ಏಗುವುದು ಕಷ್ಟ, ಅವರನ್ನು ಹೊಗಳುವವರೂ ಇಲ್ಲ, ಏಕೆಂದರೆ ಅವರು ಗೆದ್ದ ದಿನ ಏನೂ ಆಗುವುದಿಲ್ಲ. ಆದರೂ ಅಂಥವರ ಸಹಿಯಿರುವ ಕಾಗದವೊಂದನ್ನೇ ನಾನು ಓದದೆ ನಂಬುವುದು. ಹಾಗೆಂದು ಆಕೆಗೆ ಹೇಳಿದರೆ, "ಓದಿ ನಂಬಪ್ಪಾ" ಎಂದು ಬೈಸಿಕೊಳ್ಳುವುದು ಖಂಡಿತ.