ತೊಂಬತ್ತು ಸೆಕೆಂಡು

ಲ್ಯಾಬಿನ ಚಿಕ್ಕಮ್ಮ ಮತ್ತೆ ಮರೆತಳಂತೆ ಎಂಬ ಸುದ್ದಿ ಆಸ್ಪತ್ರೆಯ ಕ್ಯಾಂಟೀನಿಗೆ ಬರುವಷ್ಟರಲ್ಲಿ ಕಂಪ್ಯೂಟರ್ ವಿಭಾಗದ ಬಿರುಗಾಳಿ ಎಂದಿನಂತೆ ನಿಂತುಕೊಂಡೇ ಊಟ ಮುಗಿಸಿ ಕೈ ತೊಳೆಯುತ್ತಿದ್ದಳು. ಪುಟ್ಟ ಹುಡುಗಿಯೊಬ್ಬಳ ರಕ್ತದ ವರದಿ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ಆ ಮಗುವಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು, ತಾಯಿ ವಾರ್ಡಿನಲ್ಲಿ ದೊಡ್ಡ ದನಿ ತೆಗೆದಳು. ಎರಡು ವಾರದಲ್ಲಿ ಇದು ಮೂರನೆಯದು. ಆಸ್ಪತ್ರೆಯೆಲ್ಲ ಚಿಕ್ಕಮ್ಮ ಎನ್ನುವ ಆ ಹಿರಿಯ ಟೆಕ್ನಿಷಿಯನ್ ವಾದಕ್ಕೂ ಇಳಿಯಲಿಲ್ಲವಂತೆ. ನಾನೇ ತುಂಬಲು ಮರೆತಿರಬೇಕು ಎಂದು ಬರೆದು ಸಹಿ ಹಾಕಿಕೊಟ್ಟಳಂತೆ.

"ನಿನ್ನೆ ಊಟಕ್ಕೂ ಏಳ್ಲಿಲ್ಲ ಪಾಪ, ಎರಡು ಗಂಟೆವರೆಗೂ ಕೂತೇ ಇದ್ರು," ಎಂದಳು ವಾರ್ಡಿನ ನರ್ಸು.

ಎರಡು ಗಂಟೆ ಎಂಬ ಮಾತು ಬಿರುಗಾಳಿಯ ಕಿವಿಯಲ್ಲಿ ಸಿಕ್ಕಿಕೊಂಡಿತು. ನಲ್ಲಿಯನ್ನು ಅರ್ಧ ತೆರೆದೇ ಬಿಟ್ಟು ಅವಳು ನೆಲಮಾಳಿಗೆಯ ತನ್ನ ಕೋಣೆಗೆ ಇಳಿದಳು.

ಆಸ್ಪತ್ರೆಯ ನಲವತ್ತು ಚಿಲ್ಲರೆ ಲಿನಕ್ಸ್ ಕಂಪ್ಯೂಟರ್ ಯಂತ್ರಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹಾರುತ್ತಾ ಹತ್ತುವುದಕ್ಕೆ, ಎದುರಿನವರ ವಾಕ್ಯವನ್ನು ತಾನೇ ಮುಗಿಸಿಬಿಡುವುದಕ್ಕೆ ಬಿರುಗಾಳಿ ಎಂಬ ಹೆಸರು ಬಿದ್ದಿತ್ತು. ಹನ್ನೊಂದು ವರ್ಷದಲ್ಲಿ ಅವಳು ಒಂದು ಫೈಲು ಕೂಡಿಸಿದ್ದಳು. ಅದರ ತುಂಬ ಶೆಲ್ ಫಂಕ್ಷನ್‌ಗಳು: ಒಂದು ಕೆಲಸದ ಕ್ರಮವನ್ನು ಒಮ್ಮೆ ಬರೆದು ಹೆಸರಿಟ್ಟರಾಯಿತು, ಯಾವ ಯಂತ್ರದ ಯಾವ ಸ್ಕ್ರಿಪ್ಟಿನಲ್ಲಿ ಆ ಹೆಸರು ಹಿಡಿದು ಕರೆದರೂ ಬಂದು ಕೆಲಸ ಮಾಡಿಕೊಟ್ಟು ಹೋಗುತ್ತದೆ. ಡಿಸ್ಕು ತುಂಬಿದೆಯೇ ನೋಡುವುದಕ್ಕೆ ಒಂದು, ಹಳೆಯ ಫೈಲು ಗುಡಿಸುವುದಕ್ಕೆ ಒಂದು, ಪ್ರತಿ ತೆಗೆದಿಡುವುದಕ್ಕೆ ಒಂದು. ದಿನವಿಡೀ ಫೋನಿನಲ್ಲಿ ಫಂಕ್ಷನ್, ಫಂಕ್ಷನ್ ಎನ್ನುವ ಸೊಸೆಯ ಬಗ್ಗೆ ಅತ್ತೆಗೆ ಮೊದಮೊದಲು ಮುನಿಸಿತ್ತು. "ಇಷ್ಟೊಂದು ಫಂಕ್ಷನ್ ಇರುತ್ತೆ, ಒಂದಕ್ಕಾದ್ರೂ ನಮ್ಮನ್ನ ಕರೀಬೇಡ್ವಾ?" ಎಂದು ಮಗನ ಹತ್ತಿರ ದೂರಿದ್ದರು.

ಆ ಫೈಲಿನಲ್ಲಿ 'ನಿಲ್ಲಿಸು' ಎಂಬ ಫಂಕ್ಷನ್ ಇತ್ತು. ಓಡುತ್ತಿರುವ ಪ್ರೋಗ್ರಾಮಿಗೆ ನಿಲ್ಲು ಎಂದು ಹೇಳಿ, ಅದು ಕೈಯಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಬರೆದು ತಾನಾಗಿ ಮುಗಿಯುವವರೆಗೆ ತೊಂಬತ್ತು ಸೆಕೆಂಡು ಕಾಯುತ್ತಿತ್ತು. ಆಗಲೂ ಮುಗಿಯದಿದ್ದರೆ ಮಾತ್ರ ಬಲವಂತವಾಗಿ ಮುಗಿಸುತ್ತಿತ್ತು. ಮೂರು ವಾರದ ಹಿಂದೆ ಔಷಧಿ ಅಂಗಡಿಯ ಯಂತ್ರ ಕೆಟ್ಟು ಕೂತಾಗ, ಕಿಟಕಿಯ ಮುಂದೆ ಜನ ಸಾಲುಗಟ್ಟಿದ್ದಾಗ, ಅಷ್ಟು ಕಾಯಲಾಗದೆ ಅವಳು ಆ ತೊಂಬತ್ತನ್ನು ಐದು ಮಾಡಿದ್ದಳು. ಔಷಧಿ ಅಂಗಡಿಯ ಪ್ರೋಗ್ರಾಮಿಗೆ ಐದು ಧಾರಾಳವಾಗಿತ್ತು. ಸಾಲು ಕರಗಿತು, ಅವಳು ಬೇರೆ ಕೆಲಸಕ್ಕೆ ಓಡಿದಳು.

ಆದರೆ ಅದೇ 'ನಿಲ್ಲಿಸು' ಇನ್ನೂ ಇಪ್ಪತ್ತೆರಡು ಕಡೆ ಕೆಲಸ ಮಾಡುತ್ತಿತ್ತು. ಅದರಲ್ಲೊಂದು, ಲ್ಯಾಬಿನ ಪ್ರೋಗ್ರಾಮನ್ನು ದಿನಾ ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿ ಮತ್ತೆ ಹೊರಡಿಸುವ ಸ್ಕ್ರಿಪ್ಟು.

ಅವಳು ಲ್ಯಾಬಿನ ಯಂತ್ರದ ದಾಖಲೆ ತೆರೆದಳು. 'ಐದು ಸೆಕೆಂಡು ಕಾದೆ, ನಿಲ್ಲಲಿಲ್ಲ, ಬಲವಂತವಾಗಿ ಮುಗಿಸಿದೆ' ಎಂದು ಬರೆಯಲು ಅವಳೇ ಆ ಫಂಕ್ಷನ್ನಿಗೆ ಹೇಳಿಕೊಟ್ಟಿದ್ದ ವಾಕ್ಯ ಮೂರು ಕಡೆ ಇತ್ತು. ಮೂರೂ ತಾರೀಖು ಚಿಕ್ಕಮ್ಮ ಮರೆತ ದಿನಗಳವು. ಉಳಿದ ದಿನ ಚಿಕ್ಕಮ್ಮ ಒಂದು ಗಂಟೆಗೇ ಎದ್ದು ಊಟಕ್ಕೆ ಹೋಗಿದ್ದಳು, ಎರಡಕ್ಕೆ ಡಿಸ್ಕಿಗೆ ಬರೆಯುವುದೇನೂ ಬಾಕಿ ಇರಲಿಲ್ಲ. ಊಟ ಬಿಟ್ಟು ದುಡಿದ ದಿನವೇ ಅವಳ ಕೊನೆಯ ಅಂಕಿಗಳು ಡಿಸ್ಕು ಸೇರುವ ಮೊದಲೇ ಹೋಗಿದ್ದವು.

ಐದನ್ನು ಅಳಿಸಿ ತೊಂಬತ್ತು ಹಾಕಲು ಒಂದು ನಿಮಿಷವೂ ಬೇಕಾಗಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಕೀಬೋರ್ಡಿನ ಧೂಳು ಊದುತ್ತಾ ಕೂತಿದ್ದ. ಅವಳ ಫೈಲನ್ನು ಎಲ್ಲರೂ ಬಳಸುತ್ತಿದ್ದರು, ಓದುತ್ತಿದ್ದವರು ಯಾರೂ ಇರಲಿಲ್ಲ.

ಅಂದು ಗುರುವಾರ. ಆಮೇಲಿನ ದಿನಗಳಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತಪ್ಪು ಸರಿಹೋಯಿತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮುಂದೆ ಯಾವ ಮಗುವಿಗೂ ಎರಡು ಸಲ ಸೂಜಿ ಇಲ್ಲ, ಚಿಕ್ಕಮ್ಮನನ್ನು ಯಾರೂ ಕೆಲಸದಿಂದ ತೆಗೆಯುತ್ತಿಲ್ಲ, ಸುಮ್ಮನೆ ಕೆದಕುವುದೇಕೆ ಎಂದುಕೊಂಡಳು. ಶನಿವಾರ ಇಡೀ ಮನೆಯ ಕಪಾಟುಗಳನ್ನು ಕೆಳಗಿಳಿಸಿ ಒರೆಸಿದಳು. ಭಾನುವಾರ ಮತ್ತೆ ಒರೆಸಲು ಹೊರಟಾಗ ಗಂಡ ಬಟ್ಟೆ ಕಿತ್ತುಕೊಂಡು, ಏನಾಗಿದೆ ಎಂದು ಕೇಳಿದ. ಏನಿಲ್ಲ ಎಂದಳು. ಆಫೀಸಿನದಾ ಎಂದು ಕೇಳಿದ್ದಕ್ಕೆ ರೇಗಿದಳು.

ಸೋಮವಾರ ಬೆಳಿಗ್ಗೆ ಲ್ಯಾಬಿನ ಪ್ರಿಂಟರಿಗೆ ಏನೋ ಆಗಿದೆಯೆಂದು ಕರೆ ಬಂತು. ಪಕ್ಕದವನನ್ನು ಕಳಿಸಬಹುದಿತ್ತು, ಅವಳೇ ಹೋದಳು. ಚಿಕ್ಕಮ್ಮ ಒಂದೊಂದು ಟ್ಯೂಬನ್ನೂ ಎತ್ತಿ, ನಂಬರನ್ನು ಬಾಯಿಬಿಟ್ಟು ಓದಿ, ಕಂಪ್ಯೂಟರಿಗೆ ತುಂಬಿ, ಆಮೇಲೆ ಒಂದು ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳುತ್ತಿದ್ದಳು. ಸಿಕ್ಕಿದ್ದ ಕಾಗದ ಎಳೆದು ತೆಗೆದು ಬಿರುಗಾಳಿ ಹೊರಡಲು ನೋಡಿದಾಗ ಚಿಕ್ಕಮ್ಮನೇ ಮಾತಿಗೆಳೆದಳು. ಮರೆವಿಗೆಂದು ಮೇಲಿನ ಮಹಡಿಯ ನರದ ಡಾಕ್ಟರಿಗೆ ತೋರಿಸಿಕೊಂಡಿದ್ದಾಳಂತೆ. ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯಿಸಿದರು, ಮಾತ್ರೆ ಬರೆದುಕೊಟ್ಟರು ಎಂದು ನಕ್ಕಳು. ಅವಳ ಅಮ್ಮನಿಗೂ ಹೀಗೇ ಶುರುವಾಗಿತ್ತು; ಮೊದಲು ಒಲೆ ಆರಿಸುವುದು ಮರೆತರು, ಕೊನೆಗೆ ಇವಳನ್ನೇ ಯಾರಮ್ಮಾ ನೀನು ಎಂದಿದ್ದರು. ತಿಂಗಳ ಕೊನೆಗೆ ಕೆಲಸ ಬಿಡುವುದಾಗಿ ಕಾಗದ ಬರೆದಿಟ್ಟಿದ್ದಾಳೆ.

"ಆದ್ರೂ ಮಾತ್ರೆ ಹಿಡೀತಾ ಇದೆ ಅನ್ಸುತ್ತೆ ಕಣೇ," ಎಂದಳು ಚಿಕ್ಕಮ್ಮ. "ಗುರುವಾರದಿಂದ ಒಂದೂ ತಪ್ಪಿಲ್ಲ."

ಬಿರುಗಾಳಿ ಪ್ರಿಂಟರಿನ ಮುಚ್ಚಳ ಹಾಕಿ ಹೊರಬಿದ್ದಳು. ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ನಿಂತಳು. ಕೆಳಗೆ ಹೋದರೆ ಮತ್ತೆ ಹತ್ತಿಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಇಳಿದಳು, ಕೂರದೆ, ನಿಂತೇ, ಆ ಮೂರು ದಿನದ ದಾಖಲೆಯನ್ನೂ ತಾನು ಐದು ಎಂದು ತಿದ್ದಿದ ಸಾಲನ್ನೂ ಮುದ್ರಿಸಿಕೊಂಡು ಮೊದಲು ಲ್ಯಾಬಿನ ಮುಖ್ಯ ವೈದ್ಯರ ಕೋಣೆಗೆ ಹೋದಳು. ಅವರು ಕಾಗದವನ್ನು ಎರಡು ಸಲ ಓದಿದರು. ದನಿ ಏರಿಸಲಿಲ್ಲ. ಆ ಹುಡುಗಿಯ ತಾಯಿಗೆ ನೀವೇ ಫೋನ್ ಮಾಡಿ ಹೇಳಬೇಕು ಎಂದರು. ಇನ್ನು ಮುಂದೆ ಆ ಫೈಲಿನ ಒಂದಕ್ಷರ ಬದಲಿಸಿದರೂ ಇನ್ನೊಬ್ಬರು ಓದಿ ಸಹಿ ಹಾಕಬೇಕು ಎಂದರು. ಚಿಕ್ಕಮ್ಮ ಸಹಿ ಹಾಕಿಕೊಟ್ಟಿದ್ದ ಮೂರು ಕಾಗದಗಳನ್ನು ಫೈಲಿನಿಂದ ತೆಗೆದು ಅವಳ ಕೈಗೇ ಕೊಟ್ಟರು.

ಲ್ಯಾಬಿನಲ್ಲಿ ಆ ಕಾಗದಗಳನ್ನು ಮೇಜಿನ ಮೇಲಿಟ್ಟು, ಬಿರುಗಾಳಿ ಎಲ್ಲವನ್ನೂ ಹೇಳಿದಳು. ಮೊದಲ ಸಲ ನಿಧಾನವಾಗಿ ಮಾತಾಡಿದಳು. ಯಂತ್ರ, ಎರಡು ಗಂಟೆ, ತೊಂಬತ್ತು, ಐದು. ಚಿಕ್ಕಮ್ಮ ಕೈಗವಸು ಬಿಚ್ಚದೆ ಕೇಳಿಸಿಕೊಂಡಳು.

"ಅಂದ್ರೆ ನಾನು ತುಂಬಿದ್ದೆ."

"ತುಂಬಿದ್ರಿ. ಮೂರೂ ಸಲ."

"ನಿಂಗೆ ಯಾವತ್ತು ಗೊತ್ತಾಯ್ತು?"

"ಗುರುವಾರ."

ಚಿಕ್ಕಮ್ಮ ನೋಟ್‌ಬುಕ್ಕನ್ನು ಮುಚ್ಚಿದಳು. "ಶುಕ್ರವಾರ ನಾನು ಮನೆ ಬೀಗದ ಕೈ ಮಗನಿಗೆ ಕೊಟ್ಬಿಟ್ಟೆ," ಎಂದಳು. "ನನ್ನ ಹತ್ರ ಇದ್ರೆ ಎಲ್ಲಾದ್ರೂ ಬಿಟ್ಬಿಡ್ತೀನಿ ಅಂತ."

ಚಿಕ್ಕಮ್ಮ ಎದ್ದು ಹನ್ನೆರಡು ಟ್ಯೂಬುಗಳನ್ನು ರಕ್ತವನ್ನು ತಿರುಗಿಸಿ ಬೇರ್ಪಡಿಸುವ ಯಂತ್ರದ ಕುಳಿಗಳಲ್ಲಿ ಎದುರುಬದುರಾಗಿ ಇಳಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿದಳು. ಅದು ಗುಂಯ್ ಎಂದು ತಿರುಗತೊಡಗಿತು.

"ಕೂತ್ಕೊ," ಎಂದಳು, ಅವಳ ಕಡೆ ನೋಡದೆ.

ಎತ್ತರದ ಸ್ಟೂಲಿನ ಮೇಲೆ ಬಿರುಗಾಳಿ ಕೂತಳು. ತುಂಬ ಹೊತ್ತಿನ ಮೇಲೆ ಯಂತ್ರದ ಸದ್ದು ಇಳಿಯಿತು. ಮುಚ್ಚಳದ ಗಾಜಿನೊಳಗೆ ಮಸುಕು ವೃತ್ತವಾಗಿದ್ದದ್ದು ಮೆಲ್ಲಗೆ ಬಿಡಿಬಿಡಿ ಟ್ಯೂಬುಗಳಾಗತೊಡಗಿತು. ಚಿಕ್ಕಮ್ಮ ಮುಚ್ಚಳದ ಹಿಡಿಯ ಮೇಲೆ ಕೈಯಿಟ್ಟುಕೊಂಡು, ಅದು ತಾನಾಗಿ ನಿಲ್ಲಲೆಂದು ಕಾಯುತ್ತಾ ನಿಂತಿದ್ದಳು. ಅದು ಇನ್ನೊಂದು ಸುತ್ತು ತಿರುಗಿತು, ಆಮೇಲೆ ಅರ್ಧ ಸುತ್ತು.