ಎಡಗಡೆಯ ಹೊಟ್ಟೆ

ಕಂಡಕ್ಟರನ ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ನೊರೆ ಹಚ್ಚುವಷ್ಟರಲ್ಲಿ ಎದುರುಗೋಡೆಗೆ ಜಿಮ್‌ನವರ ಪೋಸ್ಟರ್ ಏರಿತು. ಕ್ಷೌರದಂಗಡಿಯ ಕುರ್ಚಿಗಳು ಬೀದಿಗೆ ಬೆನ್ನು ಹಾಕಿದ್ದರಿಂದ, ಅಲ್ಲಿ ಕೂತವರಿಗೆ ಬೀದಿಯೆಲ್ಲ ಕನ್ನಡಿಯೊಳಗೆ ಎಡ ಬಲವಾಗಿ, ಬಲ ಎಡವಾಗಿಯೇ ಕಾಣುತ್ತಿತ್ತು. ಪೋಸ್ಟರಿನಲ್ಲಿ ತುಟಿಯಿಂದ ಸೊಂಟದವರೆಗೆ ಎರಡು ಬರಿಮೈಗಳು. ಎಡಗಡೆ ಡೊಳ್ಳುಹೊಟ್ಟೆ, ಕೆಳಗೆ ‘ಮೊದಲು’. ಬಲಗಡೆ ಇಟ್ಟಿಗೆ ಜೋಡಿಸಿಟ್ಟಂಥ ಸಿಕ್ಸ್ ಪ್ಯಾಕ್, ಕೆಳಗೆ ‘ಮೂರೇ ತಿಂಗಳ ಮೇಲೆ’. ಕನ್ನಡಿಯಲ್ಲಿ ಮಾತ್ರ ಸಿಕ್ಸ್ ಪ್ಯಾಕೇ ಮೊದಲು ಬರುತ್ತಿತ್ತು.

“ಇದೇನಣ್ಣ, ನೆಟ್ಟಗಿದ್ದವನು ಜಿಮ್ ಸೇರಿ ಹಿಂಗಾದ್ನಾ?” ಎಂದ ಕಂಡಕ್ಟರ್.

ಕ್ಷೌರಿಕ ಕತ್ತಿಯನ್ನು ಮೈಕಿನಂತೆ ಹಿಡಿದು ಬಸ್ ನಿಲ್ದಾಣದ ಹೆಣ್ಣುದನಿ ತೆಗೆದ. “ಪ್ರಯಾಣಿಕರ ಗಮನಕ್ಕೆ. ಹೊಟ್ಟೆಯು ನಿಗದಿತ ಸಮಯಕ್ಕಿಂತ ಮುಂಚಿತವಾಗಿ ಹೊರಬಂದಿದೆ.” ನಗು ತಡೆಯಲಾಗದೆ ಕಂಡಕ್ಟರನ ಮೂಗಿಗೆಲ್ಲ ನೊರೆಯಾಯಿತು. ಈ ಅಂಗಡಿಗೆ ಜನ ಬರುತ್ತಿದ್ದುದು ಅರ್ಧ ಗಡ್ಡಕ್ಕೆ, ಅರ್ಧ ಇಂಥ ಅಣಕಕ್ಕೆ. ಕ್ಷೌರಿಕನ ತಮ್ಮ ಚಿಕ್ಕಂದಿನಿಂದ ಇಲ್ಲೇ ‘ಅಣ್ಣ, ಅಣ್ಣ’ ಎಂದು ಕೂಗುತ್ತಾ ಬೆಳೆದವನು. ಹಾಗಾಗಿ ಬೀದಿಗೆಲ್ಲ ಕ್ಷೌರಿಕ ಅಣ್ಣನೇ ಆಗಿದ್ದ.

“ತಮಾಷೆ ಸಾಕು” ಎಂದು ಕಂಡಕ್ಟರ್ ನೆಟ್ಟಗೆ ಕೂತ. “ನಾನು ಜಿಮ್ ಸೇರಿದ್ದೇ ಆ ಎಡಗಡೆಯವನನ್ನ ನೋಡಿ. ಜಿಮ್ ಒಳಗೆ ಇದೇ ಫೋಟೋ ಮುಂಚಿನಿಂದ ಹಾಕಿದ್ದಾರೆ. ಬಲಗಡೆಯಂಥವರು ಬೇಕಾದಷ್ಟು ಜನ ಸಿಗ್ತಾರೆ, ಅವರು ಬೇರೆ ಜಾತಿ ಪ್ರಾಣಿ. ಎಡಗಡೆಯವನು ನಮ್ಮವನು. ಬಸ್ಸಲ್ಲಿ ನನ್ನನ್ನ ಏನಂತಾರೆ ಗೊತ್ತಾ? ಡಬಲ್ ಸೀಟು! ಟಿಕೆಟ್ ಕೊಡೋಕೆ ಹೋದ್ರೆ ನನಗಿಂತ ಮುಂಚೆ ನನ್ನ ಹೊಟ್ಟೆ ಹೋಗಿ ಕೇಳುತ್ತೆ. ಅವನ ಕೈಲಿ ಕರಗಿಸೋಕಾಗಿದೆ ಅಂದ್ರೆ ನನ್ನ ಕೈಲಾಗಲ್ವಾ?”

“ಯಾರಂತೆ ಅವನು?”

“ಅಯ್ಯೋ, ನಮ್ಮ ಟ್ರೇನರು, ನಿಮ್ಮ ತಮ್ಮನೇ! ‘ಎರಡೂ ನಾನೇ ಸರ್, ಆಗ ಹಂಗಿದ್ದೆ’ ಅಂತ ಅವರೇ ಹೇಳಿದ್ರು. ನಿಜಕ್ಕೂ ಅಷ್ಟು ದಪ್ಪ ಇದ್ರಾ ಅಣ್ಣ?”

ಕತ್ತಿ ಕೆನ್ನೆಯ ಮೇಲೆ ನಿಂತಿತು. ತಮ್ಮ ಹುಟ್ಟಿದಾಗಿನಿಂದ ಅಂಗಡಿಯ ಬಾಚಣಿಗೆಯಷ್ಟು ತೆಳ್ಳಗೇ ಇದ್ದವನು. ಅಣ್ಣ “ಹೂಂ” ಎಂದ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಕಂಡಕ್ಟರ್ ಅದನ್ನು ಹೌದೆಂದೇ ತೆಗೆದುಕೊಂಡ.

ಗಿರಾಕಿ ಹೋದಮೇಲೆ ಅಣ್ಣ ಬೀದಿ ದಾಟಿ ಪೋಸ್ಟರ್ ಮುಂದೆ ನಿಂತ. ಎರಡು ಗದ್ದಗಳಲ್ಲೂ ಒಂದೇ ಗುಳಿ, ಅಪ್ಪನಿಂದ ಬಂದದ್ದು. ಎಡಗಡೆಯ ಹೊಟ್ಟೆಯ ಕೆಳಬದಿಯಲ್ಲಿ, ಪ್ಯಾಂಟಿನ ಅಂಚಿಗೆ ತಾಗಿದಂತೆ, ಅಪೆಂಡಿಕ್ಸ್ ಆಪರೇಷನ್ನಿನ ಓರೆ ಗುರುತು. ಅವನ ಕೈ ತಾನಾಗಿ ತನ್ನ ಅಂಗಿಯ ಮೇಲೆ ಅದೇ ಜಾಗಕ್ಕೆ ಹೋಯಿತು.

ಬೇಸಿಗೆಯ ಆ ಮಧ್ಯಾಹ್ನ ನೆನಪಾಯಿತು. “ನಿಂತೂ ನಿಂತೂ ನಿನ್ನ ಮಂಡಿ ಹೋಯ್ತಲ್ಲ ಅಣ್ಣ, ನಿನಗೊಂದು ವ್ಯಾಯಾಮದ ಪ್ಲಾನ್ ಮಾಡ್ಕೊಡ್ತೀನಿ. ಅದಕ್ಕೆ ಒಂದು ಫೋಟೋ ಬೇಕು, ಅಂಗಿ ತೆಗಿ” ಎಂದಿದ್ದ ತಮ್ಮ. ಅಣ್ಣ ಉಸಿರು ಬಿಗಿಹಿಡಿದಾಗ ನಕ್ಕಿದ್ದ. “ಹೊಟ್ಟೆ ಒಳಗೆಳ್ಕೋಬೇಡ. ನನ್ನ ಮುಂದೆ ಎಂಥಾ ನಾಚಿಕೆ?” ಅಣ್ಣ ಉಸಿರು ಬಿಟ್ಟಿದ್ದ. ಪ್ಲಾನ್ ಬರಲೇ ಇಲ್ಲ. ಪಾಪ, ಅವನಿಗೆ ಪುರುಸೊತ್ತೆಲ್ಲಿ ಎಂದುಕೊಂಡು ಸುಮ್ಮನಿದ್ದ.

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ಬೆಚ್ಚಿದಳು. “ರೀ, ಇದೇನು ಗೋಡೆ ಮೇಲೆ ಬರಿಮೈಯಲ್ಲಿ ನಿಂತಿದ್ದೀರಿ!” ಆಮೇಲೆ ಪಕ್ಕದ ಹೊಟ್ಟೆಯನ್ನೂ ನೋಡಿ, ಡಬ್ಬಿಯನ್ನು ಕುಕ್ಕಿದಳು. “ಎರಡನ್ನೂ ಬೆಳೆಸಿದವಳು ನಾನೇ. ಮೊಟ್ಟೆ ಒಡೆದು ಬಿಳಿಯದೆಲ್ಲ ಅವನ ತಟ್ಟೆಗೆ, ಚೆಲ್ಲೋಕೆ ಮನಸ್ಸಾಗದೆ ಹಳದಿಯೆಲ್ಲ ನಿಮ್ಮ ತಟ್ಟೆಗೆ. ಅವನಿಗೆ ಪ್ಯಾಕು ಬಂತು, ನಿಮಗೆ ಇದು ಬಂತು. ಈಗ ಅದನ್ನೇ ತೋರಿಸಿ ನಗಿಸ್ತಿದ್ದಾನಾ? ಹೋಗಿ ಕೇಳ್ರೀ!”

ಅಣ್ಣ ಕೇಳಲಿಲ್ಲ. ಕೇಳಿದರೆ ತಮ್ಮ ಹೌದೆಂದುಬಿಟ್ಟಾನು ಎಂಬ ಭಯವಿತ್ತು. ಆ ವಾರ ಅಂಗಡಿಯಲ್ಲಿ ಯಾರ ದನಿಯ ಅಣಕವೂ ಕೇಳಿಸಲಿಲ್ಲ.

ಮುಂದಿನ ವಾರ ಕಂಡಕ್ಟರ್ ಬಂದಾಗ ಮುಖ ಇಳಿದಿತ್ತು, ತುಟಿ ಒಡೆದಿತ್ತು. ತನ್ನದೂ ಫೋಟೋ ತೆಗೆಯುತ್ತಾರಂತೆ, ಸೇರಿ ಮೂರು ತಿಂಗಳಾಯಿತಂತೆ, ಹೊಟ್ಟೆಯ ಗೆರೆ ಕಾಣಬೇಕಾದರೆ ನೀರು ಮುಟ್ಟಬಾರದಂತೆ ಎಂದ. ಬಿಸಿಬಟ್ಟೆ ಮುಖಕ್ಕಿಟ್ಟಿದ್ದೇ ತಡ, ಅವನ ಕತ್ತು ಪಕ್ಕಕ್ಕೆ ವಾಲಿತು. ಅಣ್ಣ ತಬ್ಬಿ ಹಿಡಿಯದಿದ್ದರೆ ಕುರ್ಚಿಯಿಂದಲೇ ಉರುಳುತ್ತಿದ್ದ. ಬೀದಿಯವರು ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಕರೆದೊಯ್ದರು. ಅವನ ಟೋಪಿ ಕನ್ನಡಿಯ ಕೆಳಗೇ ಉಳಿಯಿತು.

ಮರುದಿನ ಬೆಳಗ್ಗೆ ತಮ್ಮ ಬಂದ. ಬಸ್ ನಿಲ್ದಾಣದ ದೊಡ್ಡ ಬೋರ್ಡಿಗೆಂದು ಆ ಮಧ್ಯಾಹ್ನ ಅವನ ಹೊಸ ಫೋಟೋ ತೆಗೆಯುವುದಿತ್ತು. ಅಂಗಿ ಕಳಚಿ ಕುರ್ಚಿಯಲ್ಲಿ ಒರಗಿ, “ಎದೆ, ಹೊಟ್ಟೆ ಎರಡೂ ನುಣ್ಣಗಿರಲಿ ಅಣ್ಣ. ಒಂದು ಕೂದಲು ಇದ್ರೂ ಲೈಟಿಗೆ ಕಾಣುತ್ತೆ” ಎಂದ. ದನಿ ಒಣಗಿತ್ತು. ನಿನ್ನೆಯಿಂದ ಅವನೂ ನೀರು ಮುಟ್ಟಿರಲಿಲ್ಲ.

ಅಣ್ಣ ನೊರೆ ಹಚ್ಚಿದ. ಒಂದು ಬದಿ ಮುಗಿಸಿದ. ಆಮೇಲೆ ಕೇಳಿದ.

“ಎಡಗಡೆ ನಾನೇ ಅಲ್ವಾ?”

ತಮ್ಮ ಕನ್ನಡಿಯಲ್ಲಿ ಅಣ್ಣನ ಕಣ್ಣು ತಪ್ಪಿಸಿದ. “ಮುಖ ಕಾಣಲ್ಲ ಅಣ್ಣ.”

“ನನಗೆ ಕಂಡಿತು.”

“ನಾನೇನ್ಮಾಡ್ಲಿ? ‘ನಿನ್ನ ಹಳೇ ಫೋಟೋ ತಾ’ ಅಂದ್ರು ನಮ್ಮ ಓನರ್. ನಾನು ಯಾವತ್ತು ದಪ್ಪ ಇದ್ದೆ? ಹುಟ್ಟಿದಾಗಿಂದ ತೆಳ್ಳಗಿದ್ದವನು ಪ್ಯಾಕ್ ಬರಿಸ್ಕೊಂಡ ಅಂದ್ರೆ ಯಾರು ಸೇರ್ತಾರೆ? ನನಗೊಂದು ‘ಮೊದಲು’ ಬೇಕಿತ್ತು.”

“ನಿನಗಿಂತ ಮೊದಲು ಹುಟ್ಟಿದ್ದು ನಾನೇ ತಾನೆ. ಹುಡುಕೋ ಕಷ್ಟವೇ ಇರ್ಲಿಲ್ಲ.”

“ಎಲ್ಲಾ ಜಿಮ್ಮಲ್ಲೂ ಹೀಗೇ ಅಣ್ಣ. ಈ ಗೆರೆಗಳೂ ಫೋಟೋ ದಿನ ಮಾತ್ರ. ಒಂದು ಚೊಂಬು ನೀರು ಕುಡಿದ್ರೆ ಮಸುಕಾಗುತ್ತೆ. ಇದೊಂದು ಸಲ ಹೊಟ್ಟೆಗೆ ಹಾಕ್ಕೋ.”

“ಎಷ್ಟೂಂತ ಹಾಕ್ಕೊಳ್ಲಿ? ಹಾಕ್ಕೊಂಡೂ ಹಾಕ್ಕೊಂಡೂ ತಾನೇ ಇಷ್ಟಾಗಿರೋದು.” ಅಣ್ಣ ನಗಲಿಲ್ಲ. “ಗೋಡೆಗೆ ಹಾಕಿದ್ದಕ್ಕಲ್ಲ ಕಣೋ. ಕೇಳಿದ್ರೆ ನಾನೇ ನಿಲ್ತಿದ್ದೆ. ಮಂಡಿನೋವು ಹೋಗುತ್ತೆ ಅಂದ್ಯಲ್ಲ, ಅದನ್ನ ನಂಬಿ ಉಸಿರು ಬಿಟ್ಟಿದ್ದೆ.”

ಬಾಗಿಲಲ್ಲಿ ನೆರಳು ಬಿತ್ತು. ಕಂಡಕ್ಟರ್! ಕೈಗೆ ಆಸ್ಪತ್ರೆಯ ಪಟ್ಟಿ ಇನ್ನೂ ಅಂಟಿತ್ತು.

“ಟೋಪಿ ಬಿಟ್ಟುಹೋಗಿದ್ದೆ ಅಣ್ಣ. ಓ, ಗುರುಗಳೂ ಇಲ್ಲೇ ಇದ್ದಾರಾ! ಡಾಕ್ಟ್ರು ಬೈದ್ರು, ಮನೆಯವಳು ಅತ್ತಳು. ನಾನು ಹೇಳ್ದೆ, ನಮ್ಮ ಟ್ರೇನರ್ ಕೈಲಾಗಿದ್ದು ನನ್ನ ಕೈಲಾಗಲಿಲ್ಲ ಅಂದ್ರೆ ತಪ್ಪು ನನ್ನದೇ ಅಂತ. ನೀರು ಇನ್ನೂ ಮುಟ್ಟಿಲ್ಲ ಸರ್. ನಾಳೆ ನನ್ನ ಫೋಟೋ ಉಂಟು ತಾನೆ?”

ತಮ್ಮ ಕಣ್ಣು ಮುಚ್ಚಿಕೊಂಡ.

ಅಣ್ಣ ಕತ್ತಿಯನ್ನು ಬಟ್ಟಲಿಗಿಟ್ಟ. ಮೇಲಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿದ. ಬನಿಯನ್ನನ್ನೂ ಕಳಚಿದ. ಬೀದಿ ದಾಟಿ, ಪೋಸ್ಟರಿನ ಎಡಭಾಗದ ಕೆಳಗೆ ನಿಂತ. ಹೂವಿನಂಗಡಿಯವಳು ಕಿಸಕ್ಕೆಂದಳು. ಸೈಕಲ್ಲೊಂದು ನಿಂತಿತು. ನಾಚಿಕೆಯಿಂದ ಹೊಟ್ಟೆ ತಾನಾಗಿ ಒಳಸೇರಿತು. ಒಂದು ಕ್ಷಣ. ಆಮೇಲೆ ಅವನು ಉಸಿರು ಬಿಟ್ಟ.

ಹಿಂದೆಯೇ ಬಂದ ಕಂಡಕ್ಟರ್ ಮೇಲೆ ನೋಡಿದ, ಕೆಳಗೆ ನೋಡಿದ. ಅದೇ ಗುಳಿ, ಅದೇ ಹೊಟ್ಟೆ, ಅದೇ ಓರೆ ಗುರುತು. ತಿರುಗಿ ಅಂಗಡಿಯ ಕಡೆ ನೋಡಿದ. ತಮ್ಮ ಬಾಗಿಲಿಗೆ ಬಂದಿದ್ದ. ಅರ್ಧ ಎದೆ ನುಣುಪು, ಅರ್ಧ ನೊರೆ. ಹೊಟ್ಟೆಯ ಮೇಲೆ ಗುರುತೇನೂ ಇರಲಿಲ್ಲ.

“ಎಡಗಡೆ ಇರೋದು ನಮ್ಮಣ್ಣ” ಎಂದ ತಮ್ಮ. ದನಿ ಬೀದಿಯ ಅರ್ಧಕ್ಕೇ ನಿಂತುಹೋಯಿತು. ಮತ್ತೆ ಗಟ್ಟಿಯಾಗಿ ಹೇಳಿದ. “ನಾನು ಯಾವತ್ತೂ ಹಾಗಿರ್ಲಿಲ್ಲ ಸರ್.”

“ಇಷ್ಟು ವರ್ಷ ಬಸ್ಸಲ್ಲಿ ಇದ್ದೀನಿ” ಎಂದ ಕಂಡಕ್ಟರ್. “ಒಂದೇ ಟಿಕೆಟ್‌ನಲ್ಲಿ ಇಬ್ಬರು ಬಂದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ.” ಯಾರೂ ನಗಲಿಲ್ಲ. “ಅವತ್ತು ಹೂಂ ಅಂದ್ರಿ ಅಣ್ಣ ನೀವು.”

“ಅಂದೆ” ಎಂದ ಅಣ್ಣ. “ಅನ್ನಬಾರದಿತ್ತು.”

ಅವನು ಕಂಡಕ್ಟರನನ್ನು ಕರೆದುಕೊಂಡು ಅಂಗಡಿಯೊಳಗೆ ಬಂದು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಅವನ ಕೈಗಿಟ್ಟ. ಕಂಡಕ್ಟರ್ ಗಟಗಟನೆ ಕುಡಿದು ಲೋಟ ಮತ್ತೆ ಚಾಚಿದ. ಅದನ್ನೂ ತುಂಬಿಸಿದ. ಆಮೇಲೆ ಇನ್ನೊಂದು ಲೋಟ ತುಂಬಿ, ತಮ್ಮನ ಮುಖ ನೋಡದೆ, ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟ. ಬನಿಯನ್ ತೊಟ್ಟುಕೊಳ್ಳುತ್ತಾ ಬೀದಿಯ ಕಡೆ ತಿರುಗಿ ನಿಂತ.

ತಮ್ಮನ ಫೋನ್ ಕುರ್ಚಿಯ ಮೇಲೆ ಗುರುಗುಟ್ಟುತ್ತಿತ್ತು. ಫೋಟೋದವರು. ಅವನು ಅದನ್ನು ನೋಡಿದ, ಲೋಟವನ್ನು ನೋಡಿದ.

ಹಿಂದೆ ಗುಟುಕರಿಸುವ ಸದ್ದು ಕೇಳಿಸಿತು. ಅಣ್ಣ ತಿರುಗಲಿಲ್ಲ. ಗೂಟದಲ್ಲಿದ್ದ ಟವೆಲನ್ನು ತೆಗೆದು ಹಿಂದಕ್ಕೆ ಚಾಚಿದ.

“ನೊರೆ ಒರೆಸ್ಕೋ” ಎಂದ. “ಒಣಗಿದ್ರೆ ಉರಿಯುತ್ತೆ.”